ಜೋಡಿರಾಯರೂ ಎರಡನೆಯ ಆಳಮಾಪಕವೂ

ಜೋಡಿರಾಯರಿಗೆ ಆ ಹೆಸರು ಬಂದದ್ದು ಅವರ ಎರಡು ಕನ್ನಡಕಗಳಿಂದ ಎಂದು ಕೆಲವರು, ಎರಡು ಗಡಿಯಾರಗಳಿಂದ ಎಂದು ಕೆಲವರು ಹೇಳುತ್ತಾರೆ. ಎರಡೂ ನಿಜ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ದಾರ ಕಟ್ಟಿಸಿಕೊಂಡು ಎದೆಯ ಮೇಲೆ. ಒಂದು ಗಡಿಯಾರ ಮುಂಗೈಯಲ್ಲಿ, ಇನ್ನೊಂದು ಅಂಗಿಯ ಜೇಬಿನಲ್ಲಿ. ಪ್ಯಾಂಟಿಗೆ ಬೆಲ್ಟ್ ಇದೆ. ಬೆಲ್ಟಿನ ಮೇಲೆ ಪೂರ್ತಿ ಭರವಸೆಯಿಲ್ಲದ್ದರಿಂದ ಒಳಗೊಂದು ಲಾಡಿಯೂ ಇದೆ.

ಬೋಟುಗಳಿಗೆ ವೈರಿಂಗ್ ಮಾಡುವುದು ಅವರ ಕಸುಬು. ದೀಪ, ರೇಡಿಯೊ, ನೀರಿನ ಆಳ ತೋರಿಸುವ ಯಂತ್ರ, ಏನೇ ಕೂರಿಸಬೇಕಿದ್ದರೂ ಬೋಟುಗಳು ಬಂದು ನಿಲ್ಲುವ ಧಕ್ಕೆಯಲ್ಲಿ ಅವರಿಗೇ ಹೇಳಿಕಳಿಸುತ್ತಿದ್ದರು. ಕಸುಬು ಕಲಿಯಲು ಸೇರಿದ ಮೊದಲ ದಿನವೇ ಅವರ ಬಳಿ ಇದ್ದ ಒಂದೇ ಒಂದು ಟೆಸ್ಟರ್ ಕೈಜಾರಿ ನೀರುಪಾಲಾಯಿತು. "ಇನ್ನೇನು, ನಾಲಿಗೆ ಇಟ್ಟು ಕರೆಂಟ್ ನೋಡ್ತೀಯಾ? ನಡಿ ಮನೆಗೆ" ಎಂದು ಮೇಸ್ತ್ರಿ ಅಟ್ಟಿದರು. ಅವತ್ತಿನಿಂದ ಒಂಟಿಯಾಗಿರುವ ಯಾವ ವಸ್ತುವನ್ನು ಕಂಡರೂ ಅವರಿಗೆ ಎದೆ ಢವಢವ. ಅಂಗಡಿಗೆ ಹೋಗಿ ಒಂದು ಬಲ್ಬ್ ಕೇಳಿ, ಅದು ಕೈಗೆ ಬರುವ ಮುಂಚೆಯೇ "ಇನ್ನೊಂದಿರಲಿ" ಎನ್ನುತ್ತಿದ್ದರು.

"ಹೆಂಡ್ತಿ ವಿಷಯದಲ್ಲಿ ಮಾತ್ರ ಇನ್ನೊಂದಿರಲಿ ಅನ್ನಲಿಲ್ಲ, ಪುಣ್ಯಾತ್ಮ" ಎಂದು ಅವರ ಹೆಂಡತಿ ಬಂದವರ ಮುಂದೆಲ್ಲ ಹೇಳುವುದುಂಟು. "ಅಂದಿದ್ರೆ ಟೆಸ್ಟರ್ ಬಿದ್ದ ಜಾಗಕ್ಕೇ ಇವರನ್ನೂ ಕಳಿಸ್ತಿದ್ದೆ."

ಜೋಡಿರಾಯರು ನಗುತ್ತಿದ್ದರು. ನಕ್ಕರೂ ಒಳಗೊಳಗೇ ಒಂದು ಕೊರಗಿತ್ತು. ಮೂವತ್ತು ವರ್ಷ ಜನರ ಬಾಯಿಗೆ ತಮಾಷೆಯಾದೆನೇ ಹೊರತು, ಇವನು ಹೇಳುವುದರಲ್ಲಿ ಅರ್ಥವಿದೆ ಎಂದು ಒಬ್ಬರೂ ಒಪ್ಪಲಿಲ್ಲವಲ್ಲ ಎಂಬ ಕೊರಗು.

ಆ ಕೊರಗು ನೀಗುವ ದಿನವೂ ಬಂತು. ಪ್ರಯಾಣಿಕರನ್ನು ಸಾಗಿಸುವ ಪ್ರತಿಯೊಂದು ಬೋಟಿನಲ್ಲೂ ಆಳ ತೋರಿಸುವ ಡಿಸ್ಪ್ಲೇ ಇನ್ನು ಮೇಲೆ ಎರಡಿರಬೇಕು, ಒಂದು ಕೆಟ್ಟರೆ ಇನ್ನೊಂದು ಕೆಲಸ ಮಾಡಬೇಕು ಎಂದು ಬಂದರು ಕಚೇರಿಯಿಂದ ಸುತ್ತೋಲೆ ಹೊರಟಿತು. ಜೋಡಿರಾಯರು ಅದನ್ನು ಒಮ್ಮೆ ಮೂಗಿನ ಕನ್ನಡಕದಲ್ಲಿ, ಇನ್ನೊಮ್ಮೆ ಎದೆಯ ಕನ್ನಡಕದಲ್ಲಿ ಓದಿದರು. ಎರಡರಲ್ಲೂ ಅದೇ ಬರೆದಿತ್ತು. ಸುತ್ತೋಲೆಯ ಎರಡು ಪ್ರತಿ ಮಾಡಿಸಿಕೊಂಡು ಮನೆಗೆ ಹೋದರು.

"ನೋಡಿದ್ಯಾ? ಕೊನೆಗೂ ಸರ್ಕಾರಕ್ಕೆ ಅರ್ಥ ಆಯ್ತು" ಎಂದರು.

ಹೆಂಡತಿ ಓದಿ ಕಾಗದ ಮಡಚಿಟ್ಟಳು. "ಅರ್ಥ ಆಗಿದ್ದಲ್ಲ ರೀ, ನಿಮ್ಮ ಕಾಯಿಲೆ ಅವರಿಗೂ ಅಂಟಿದೆ."

ಸುತ್ತೋಲೆ ಬಂದ ಮೇಲೆ ಜೋಡಿರಾಯರು ಮೊದಲು ಹೋದದ್ದು ಅತ್ತಿಗೆಯ ಬೋಟಿಗೆ. ಅತ್ತಿಗೆ ಎಂದರೆ ಅವರ ಅಣ್ಣನ ಹೆಂಡತಿ. ನದಿ ಸಮುದ್ರ ಸೇರುವ ಕಡೆ ಈ ದಡದಿಂದ ಆ ದಡಕ್ಕೆ ಓಡಾಡುವ ಫೆರಿಯ ಕ್ಯಾಪ್ಟನ್. ಅಣ್ಣ ದರ್ಜಿ, ಬೋಟು ಕಂಡರೇ ಹೊಟ್ಟೆ ತೊಳಸುವ ಪ್ರಾಣಿ, ಸೇತುವೆ ಸುತ್ತಿಕೊಂಡೇ ಆಚೆ ದಡಕ್ಕೆ ಹೋಗುವವನು. ಅತ್ತಿಗೆಯಾದರೋ ಇಪ್ಪತ್ತಾರು ವರ್ಷದಿಂದ ಅದೇ ನೀರಿನಲ್ಲಿ ಚುಕ್ಕಾಣಿ ಹಿಡಿದವಳು. ನಡುವೆ ಒಂದು ಮರಳು ದಿಬ್ಬವಿತ್ತು. ಅದು ಇದ್ದಲ್ಲಿ ಇರುವ ಜಾಯಮಾನದ್ದಲ್ಲ. ಈ ತಿಂಗಳು ಇಲ್ಲಿದ್ದರೆ ಮುಂದಿನ ತಿಂಗಳು ಇನ್ನೆಲ್ಲೋ. ಅದು ಎಲ್ಲಿಗೆ ಸರಿದಿದೆಯೆಂದು ಅತ್ತಿಗೆ ನೀರಿನ ಬಣ್ಣ ನೋಡಿ ಹೇಳುತ್ತಿದ್ದಳು. ಡಿಸ್ಪ್ಲೇಯನ್ನೂ ನೋಡುತ್ತಿದ್ದಳು, ಅಕ್ಕಪಕ್ಕದ ಮನೆಯವರ ಅಭಿಪ್ರಾಯ ಕೇಳುವ ಹಾಗೆ.

"ಒಂದು ಡಬ್ಬಿ ಇರೋದೇ ಹೆಚ್ಚು, ಇನ್ನೊಂದನ್ನ ಎಲ್ಲಿ ಇಡ್ತೀಯೋ?" ಎಂದಳು ಅತ್ತಿಗೆ. ಕ್ಯಾಬಿನ್ ನಿಜಕ್ಕೂ ಇಕ್ಕಟ್ಟು. ಎದುರಿಗೆ ಗಾಜು, ಅದರ ಕೆಳಗೆ ಚುಕ್ಕಾಣಿ, ಎಡಕ್ಕೆ ರೇಡಿಯೊ, ಬಲಕ್ಕೆ ಹಳೆಯ ಡಿಸ್ಪ್ಲೇ, ಮೊಳೆಗೆ ನೇತುಹಾಕಿದ ಚಹದ ಫ್ಲಾಸ್ಕ್.

"ಫ್ಲಾಸ್ಕ್ ಇರೋ ಜಾಗದಲ್ಲಿ ಇಡೋಣ ಅತ್ತಿಗೆ."

"ಫ್ಲಾಸ್ಕ್ ತೆಗೆದ್ರೆ ಕ್ಯಾಪ್ಟನ್ನೂ ಇಳೀತಾಳೆ."

ಮೊದಲು ರೇಡಿಯೊದ ಮೇಲೆ ಇಟ್ಟರು. ಬೆಳಗಿನ ಬಿಸಿಲು ಬಿದ್ದು ಅಂಕಿಗಳೇ ಕಾಣಲಿಲ್ಲ. ಚಾವಣಿಗೆ ತೂಗುಬಿಟ್ಟರು, ಅತ್ತಿಗೆಯ ತಲೆಗೆ ಬಡಿಯಿತು. ಮೂರನೆಯ ಸಲ ಗಾಜಿನ ಚೌಕಟ್ಟಿನ ಪಕ್ಕಕ್ಕೆ, ಕತ್ತು ತಿರುಗಿಸದೆಯೇ ಕಣ್ಣಿಗೆ ಬೀಳುವಂತೆ ಕೂರಿಸಿದರು. ಅಷ್ಟರಲ್ಲಿ ಮರದಲ್ಲಿ ಹದಿನಾಲ್ಕು ತೂತು ಬಿದ್ದಿದ್ದವು. "ಇದು ಕ್ಯಾಬಿನ್ನೋ ಜರಡಿಯೋ?" ಎಂದಳು ಅತ್ತಿಗೆ. ಜೋಡಿರಾಯರು ತೂತುಗಳಿಗೆ ಮೇಣ ತುಂಬಿದರು.

ಇನ್ನು ವೈರು ಎಳೆಯುವುದಷ್ಟೇ ಬಾಕಿ. ತಪ್ಪಿದ್ದು ಅಲ್ಲೇ. ಬೆಂಚಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಒಂದೂ ಖಾಲಿ ಜಾಗವಿರಲಿಲ್ಲ. ಹೊಸ ಪೆಟ್ಟಿಗೆ ತರಿಸಬೇಕು, ನಾಲ್ಕು ದಿನ ಬೇಕು. ತಪಾಸಣೆಯ ಸಾಹೇಬರು ಬರುವುದು ನಾಳೆ ಬೆಳಿಗ್ಗೆ. ಜೋಡಿರಾಯರು ಪೆಟ್ಟಿಗೆಯನ್ನು ಎರಡೆರಡು ಸಲ ತಡಕಿ ನೋಡಿದರು. ಆಮೇಲೆ ಹೊಸ ಡಿಸ್ಪ್ಲೇಯ ವೈರನ್ನು ಹಳೆಯದರ ಫ್ಯೂಸಿಗೇ ಸೇರಿಸಿದರು. ಬೋಟಿನ ತಳದಲ್ಲಿದ್ದ ಸೆನ್ಸರ್, ಅಂದರೆ ನೀರಿನಡಿಗೆ ಶಬ್ದ ಕಳಿಸಿ ಅದು ತಿರುಗಿ ಬರುವ ಹೊತ್ತನ್ನು ಅಳೆಯುವ ಬಿಲ್ಲೆ, ಅದೂ ಒಂದೇ. ಅದರಿಂದಲೇ ಎರಡಕ್ಕೂ ಕವಲು ಕೊಟ್ಟರು. ಮುಂದಿನ ವಾರ ಬಂದು ಎಲ್ಲ ಬೇರೆಬೇರೆ ಮಾಡಿದರಾಯಿತು ಎಂದುಕೊಂಡರು.

ಸಾಹೇಬರು ಬಂದರು. ಒಂದು ಡಿಸ್ಪ್ಲೇ ನೋಡಿದರು, ಇನ್ನೊಂದು ನೋಡಿದರು, ಎರಡೂ ಮೂರು ಪಾಯಿಂಟ್ ನಾಲ್ಕು ಮೀಟರ್ ಎಂದವು. "ಏನು ಹೊಂದಾಣಿಕೆ!" ಎಂದು ಮೆಚ್ಚಿ ಪ್ರಮಾಣಪತ್ರಕ್ಕೆ ಮೊಹರು ಒತ್ತಿದರು. ಕೆಲಸ ಸರಿಯಾಗಿದೆಯೆಂದು ಜೋಡಿರಾಯರೂ ಕೆಳಗೆ ಸಹಿ ಹಾಕಿದರು. ಆಮೇಲೆ ಉಳಿದ ಬೋಟುಗಳವರು ಕೈಹಿಡಿದು ಎಳೆದರು. ಮುಂದಿನ ವಾರ ಮುಂದಿನ ತಿಂಗಳಾಯಿತು, ತಿಂಗಳು ಮೂರಾದವು.

ಒಂದು ಬೆಳಿಗ್ಗೆ ಏಳೂವರೆಗೆ ಜೋಡಿರಾಯರು ಆಚೆ ದಡದ ಕೆಲಸಕ್ಕೆಂದು ಫೆರಿ ಹತ್ತಿದರು. ಕೂರುವ ಜಾಗ ಬಿಟ್ಟು ನೆಟ್ಟಗೆ ಕ್ಯಾಬಿನ್ನಿಗೇ ಹೋದರು. ತಮ್ಮ ಕೈಕೆಲಸ ನೋಡಿಕೊಂಡು ಹೋಗುವುದರಲ್ಲಿ ಅವರಿಗೊಂದು ಸುಖ. ಮಂಜು ಕವಿದಿತ್ತು. ನಡುನೀರಿಗೆ ಬರುವ ಹೊತ್ತಿಗೆ ಅದು ಎಷ್ಟು ದಟ್ಟವಾಯಿತೆಂದರೆ ಬೋಟಿನ ಮೂತಿಯೇ ಕಾಣದು. ಅತ್ತಿಗೆಗೆ ನೋಡಲು ನೀರಿನ ಬಣ್ಣವಿರಲಿಲ್ಲ. ಬೇರೆ ಗತಿಯಿಲ್ಲದೆ ಡಿಸ್ಪ್ಲೇಯ ಅಂಕಿಗಳ ಮೇಲೇ ಕಣ್ಣು ನೆಟ್ಟಳು.

"ಈಗ ಗೊತ್ತಾಯ್ತಾ ಅತ್ತಿಗೆ, ಎರಡು ಯಾಕೆ ಬೇಕು ಅಂತ?" ಎಂದರು ಜೋಡಿರಾಯರು. "ಒಂದು ಹೋದ್ರೂ..."

ಅವರ ಮಾತು ಮುಗಿಯಲಿಲ್ಲ. ಎರಡು ಡಿಸ್ಪ್ಲೇಗಳೂ ಒಟ್ಟಿಗೇ ಆರಿಹೋದವು.

ಅತ್ತಿಗೆ ಎಂಜಿನ್ನಿನ ವೇಗ ಪೂರ್ತಿ ತಗ್ಗಿಸಿದಳು. ಕಪ್ಪಾದ ಎರಡು ಗಾಜುಗಳನ್ನೂ ನೋಡಿ, ಮೈದುನನ ಕಡೆ ತಿರುಗಿದಳು. "ಒಂದನ್ನ ಬಿಟ್ಟು ಒಂದಿರಲ್ಲ ಅಂತ ಒಟ್ಟಿಗೇ ಕಣ್ಣು ಮುಚ್ಚಿದ್ವಲ್ಲೋ! ಎಂಥ ಅನ್ಯೋನ್ಯ ದಾಂಪತ್ಯ!"

ಜೋಡಿರಾಯರ ಎರಡು ಜೇಬಿನಲ್ಲೂ ಬದಲಿ ಫ್ಯೂಸುಗಳಿದ್ದವು. ಬೆಂಚಿನ ಕೆಳಗೆ ತೂರಿ, ಒಂದು ಫ್ಯೂಸ್ ಹಾಕಿದರು, ಹತ್ತಲಿಲ್ಲ. ಇನ್ನೊಂದು ಹಾಕಿದರು, ಹತ್ತಲಿಲ್ಲ. ಫ್ಯೂಸ್ ಸುಟ್ಟಿರಲಿಲ್ಲ, ಅದು ಕೂರುವ ಹಿಡಿಕೆಯೇ ಉಪ್ಪುಗಾಳಿಗೆ ಹಸಿರುಗಟ್ಟಿ ಪುಡಿಯಾಗಿತ್ತು. ಹಿಡಿಕೆ ಒಂದೇ ಇತ್ತು.

"ಅದನ್ನ ಆಮೇಲೆ ಮುದ್ದು ಮಾಡು" ಎಂದಳು ಅತ್ತಿಗೆ. "ಬಾಗಿಲ ಹಿಂದೆ ಗುಂಡು ಕಟ್ಟಿರೋ ಹಗ್ಗ ಇದೆ, ಒಂದೊಂದು ಮಾರಿಗೂ ಒಂದೊಂದು ಗಂಟು. ಮುಂದೆ ಹೋಗಿ ಇಳಿಬಿಡು, ಜೋರಾಗಿ ಕೂಗಿ ಹೇಳು. ನಮ್ಮ ಬೋಟಿಗೆ ಒಂದು ಮಾರು ಬೇಕೇ ಬೇಕು, ನೆನಪಿಟ್ಕೋ."

ಐವತ್ತೆರಡು ವರ್ಷದ ಜೋಡಿರಾಯರು ಹಗ್ಗ ಹಿಡಿದು ನಲವತ್ತು ಪ್ರಯಾಣಿಕರ ನಡುವೆ ದಾರಿ ಮಾಡಿಕೊಂಡು ಬೋಟಿನ ಮೂತಿಗೆ ಹೋದರು. ಮೊಣಕಾಲೂರಿ ಗುಂಡನ್ನು ನೀರಿಗೆ ಬಿಟ್ಟರು. ಹಗ್ಗ ತಣ್ಣಗೆ ಬೆರಳ ಸಂದಿಯಲ್ಲಿ ಜಾರಿ, ತಳಕ್ಕೆ ತಾಗಿ, ಸಡಿಲವಾಯಿತು. "ಎರಡೂವರೆ ಮಾರು!" ಎಂದು ಕೂಗಿದರು. ಬೋಟು ನಾಲ್ಕು ಹೆಜ್ಜೆಯಷ್ಟು ಸರಿಯಿತು. "ಎರಡು!" ಮತ್ತೆ ಸರಿಯಿತು. "ಒಂದೂವರೆ!" ಮಡಿಲಲ್ಲಿ ಹೂಕೋಸಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬಳು ಅದನ್ನು ಮಗುವಿನಂತೆ ತಬ್ಬಿಕೊಂಡಿದ್ದಳು.

"ಒಂದೂ ಕಾಲು!"

ಎಂಜಿನ್ ಸದ್ದು ಬದಲಾಯಿತು. ಅತ್ತಿಗೆ ಬೋಟನ್ನು ಹಿಂದಕ್ಕೆ ತಂದು, ಮೂತಿ ಎಡಕ್ಕೆ ತಿರುಗಿಸಿ, ಆಮೆಯ ನಡಿಗೆಯಲ್ಲಿ ಮತ್ತೆ ಮುಂದಕ್ಕೆ ಬಿಟ್ಟಳು. ಗುಂಡು ಇಳಿಯಿತು, ಎದ್ದಿತು, ಇಳಿಯಿತು. ಒಂದೂಮುಕ್ಕಾಲು. ಎರಡು. ಎರಡೂಮುಕ್ಕಾಲು. ಮೂರು ಮಾರು ಎಂದು ಕೂಗಿದಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ದಾರಿಗೆ ಐವತ್ತು ನಿಮಿಷ ಹಿಡಿಯಿತು. ಇಳಿಯುವಾಗ ಹೂಕೋಸಿನ ಹೆಂಗಸು ಒದ್ದೆ ಮೊಣಕಾಲಿನ ಜೋಡಿರಾಯರ ಬಳಿ ನಿಂತು, "ನಿಮ್ಮಂಥ ಒಬ್ಬರು ಇದ್ರೆ ಮಷೀನ್ ಯಾಕೆ ಬೇಕು ಹೇಳಿ" ಎಂದಳು. ಅವಳು ಮನಸಾರೆ ಹೊಗಳಿದ್ದಳು. ಜೋಡಿರಾಯರಿಗೆ ಕೆನ್ನೆಗೆ ಹೊಡೆದಂತಾಯಿತು.

ಜನ ಇಳಿದ ಮೇಲೆ ಅತ್ತಿಗೆ ಫ್ಲಾಸ್ಕಿನಿಂದ ಚಹ ಬಗ್ಗಿಸಿ ಕೊಟ್ಟಳು. "ಈಗ ಹೇಳು. ಎರಡೂ ಹೇಗೆ ಒಟ್ಟಿಗೆ ಹೋದ್ವು?"

"ಒಂದೇ ಫ್ಯೂಸಿಗೆ ಹಾಕಿದ್ದೆ ಅತ್ತಿಗೆ. ಜಾಗ ಇರಲಿಲ್ಲ. ಸಾಹೇಬರು ಬರೋರಿದ್ರು."

ಬೈದಿದ್ದರೆ ಹಗುರಾಗುತ್ತಿತ್ತು. ಅತ್ತಿಗೆ ಬೈಯಲಿಲ್ಲ. ಚಹ ಗುಟುಕರಿಸಿ, "ಊರಿಗೆಲ್ಲ ಎರಡೆರಡು ಅಂತ ಹೇಳೋನು ನನಗೆ ಒಂದೂ ಕಾಲು ಕೊಟ್ಟೆ ನೋಡು" ಎಂದಳು ಅಷ್ಟೇ. ಧಕ್ಕೆಯ ಮೇಲೆ ಮಾನಕ್ಕೆ ಧಕ್ಕೆ ಬಂದದ್ದು ಹಾಗೆ.

ಸಂಜೆ ಮನೆಗೆ ಹೋದಾಗ ಹೆಂಡತಿಗೆ ಆಗಲೇ ವಿಷಯ ತಲುಪಿತ್ತು. ಓರಗಿತ್ತಿಯರ ನಡುವಿನ ಫೋನಿಗೆ ಮಂಜು ಅಡ್ಡ ಬರುವುದಿಲ್ಲ. ಜೋಡಿರಾಯರು ಚಪ್ಪಲಿ ಬಿಡುವಷ್ಟರಲ್ಲೇ, "ಬಾಗಿಲಿಗೆ ಎರಡು ಬೀಗ ಹಾಕಿ ಎರಡಕ್ಕೂ ಒಂದೇ ಕೀ ಮಾಡಿಸಿದ ಹಾಗಾಯ್ತಲ್ಲ ರೀ" ಎಂದಳು. ಆಮೇಲೆ ಗಂಡನ ಮುಖ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಏನೂ ಆಗಲಿಲ್ಲ ತಾನೆ? ಊಟ ಮಾಡಿ."

"ಪ್ರಮಾಣಪತ್ರದಲ್ಲಿ ನನ್ನ ಸಹಿ ಇದೆ ಕಣೆ."

"ಇದ್ರೆ ಹೋಗಿ ಹೇಳ್ಬಿಡಿ. ಸುಮ್ನೆ ತಟ್ಟೆ ಮುಂದೆ ಸೊರಗಬೇಡಿ."

ಮರುದಿನ ಕಚೇರಿ ಬಾಗಿಲು ತೆರೆಯುವ ಮುಂಚೆಯೇ ಜೋಡಿರಾಯರು ಮೆಟ್ಟಿಲ ಮೇಲೆ ನಿಂತಿದ್ದರು. ತಪಾಸಣೆಯ ಸಾಹೇಬರು ಒಳ್ಳೆಯ ಮನುಷ್ಯ, ಆದರೆ ಎಲ್ಲವೂ ನಮೂನೆಯ ಪ್ರಕಾರ ನಡೆಯಬೇಕು.

"ಸಾರ್, ಆ ಫೆರಿಗೆ ನಾನು ಹಾಕಿರೋ ಎರಡನೇದು ಎರಡನೇದಲ್ಲ."

"ಮತ್ತೆ? ಮೊದಲನೇದಾ?"

"ಅಲ್ಲ ಸಾರ್, ಎರಡೂ ಸೇರಿ ಒಂದೇ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಜೋಡಿರಾಯರು ಕಾಗದದ ಮೇಲೆ ಗೆರೆ ಎಳೆದು ಒಂದು ಫ್ಯೂಸ್, ಒಂದು ಸೆನ್ಸರ್, ಎರಡು ಡಿಸ್ಪ್ಲೇ ಬರೆದು ತೋರಿಸಿದರು. ಸಾಹೇಬರ ಮುಖ ಮೆಲ್ಲಗೆ ಕೆಂಪಾಯಿತು. "ಏನು ಹೊಂದಾಣಿಕೆ" ಎಂದದ್ದು ಅವರಿಗೂ ನೆನಪಾಗಿರಬೇಕು. ದೂರಿನ ನಮೂನೆ ತೆಗೆದರು. ಅದರಲ್ಲಿ 'ಯಾರು ಕೊಟ್ಟ ದೂರು', 'ಯಾರ ಮೇಲೆ' ಎಂದು ಎರಡು ಸಾಲುಗಳಿದ್ದವು. ಎರಡರಲ್ಲೂ ಒಂದೇ ಹೆಸರು ಬರೆಯುವುದು ಹೇಗೆಂದು ಸಾಹೇಬರಿಗೆ ತೋಚಲಿಲ್ಲ. "ಬರೀರಿ ಸಾರ್, ಇದೊಂದರಲ್ಲಾದ್ರೂ ನಾನು ಸರಿಯಾಗಿ ಎರಡು ಸಲ ಇರ್ತೀನಿ" ಎಂದರು ಜೋಡಿರಾಯರು. ಸಾಹೇಬರು ಇಡೀ ವರ್ಷದಲ್ಲಿ ಮೊದಲ ಬಾರಿಗೆ ನಕ್ಕರೆಂದು ಕಚೇರಿಯವರು ಹೇಳುತ್ತಾರೆ. ನಕ್ಕ ಮೇಲೂ ಪ್ರಮಾಣಪತ್ರ ರದ್ದು ಮಾಡುವುದನ್ನು ಮರೆಯಲಿಲ್ಲ.

ಫೆರಿ ಐದು ದಿನ ನಿಂತಿತು. ಸೇತುವೆ ಸುತ್ತಿ ಹೋಗಬೇಕಾದ ಜನ ಜೋಡಿರಾಯರನ್ನು ಕಂಡಲ್ಲೆಲ್ಲ ಎರಡೆರಡು ಸಲ ನಮಸ್ಕಾರ ಹೇಳತೊಡಗಿದರು. ಅವರು ಅದನ್ನೂ ಹೊಟ್ಟೆಗೆ ಹಾಕಿಕೊಂಡು, ಆ ಮೂರು ತಿಂಗಳಲ್ಲಿ ತಾವು ಕೆಲಸ ಮಾಡಿದ್ದ ಉಳಿದ ಒಂಬತ್ತು ಬೋಟುಗಳಿಗೆ ಒಂದೊಂದಾಗಿ ಹೋಗಿ, ಫ್ಯೂಸ್ ಕಿತ್ತು ನೋಡಿದರು. ಏಳು ಸರಿಯಾಗಿದ್ದವು. ಎರಡರಲ್ಲಿ ಅದೇ ಅವಸರ, ಅದೇ ಕವಲು. ಮಾಲೀಕರ ಮುಂದೆ ಕೈಕಟ್ಟಿ ನಿಂತು ತಪ್ಪು ಒಪ್ಪಿಕೊಂಡು ಸರಿಪಡಿಸಿ ಬಂದರು.

ಫೆರಿಯ ಕೆಲಸ ಈ ಸಲ ಬುಡದಿಂದ ಶುರುವಾಯಿತು. ಬೋಟಿನ ತಳದ ಒಳಮೈಗೆ ಹಳೆಯದರಿಂದ ದೂರಕ್ಕೆ ಎರಡನೆಯ ಸೆನ್ಸರ್ ಅಂಟಿಸಿದರು. ಹೊಸ ಡಿಸ್ಪ್ಲೇಗೆಂದೇ ಒಂದು ಪುಟ್ಟ ಬ್ಯಾಟರಿ. ಅದನ್ನು ಎಂಜಿನ್ ಕೋಣೆಯಲ್ಲಿ ಇಡದೆ, ಕ್ಯಾಬಿನ್ನಿನಲ್ಲೇ ಎತ್ತರದ ಗೂಡಿನಲ್ಲಿ ಕಟ್ಟಿದರು. ಬೇರೆ ಫ್ಯೂಸ್, ಬೇರೆ ಪೆಟ್ಟಿಗೆ, ಬೇರೆ ದಾರಿಯಲ್ಲಿ ಎಳೆದ ವೈರು. ಹಳೆಯದರ ವೈರಿಗೆ ನೀಲಿ ಪಟ್ಟಿ, ಹೊಸದಕ್ಕೆ ಹಳದಿ ಪಟ್ಟಿ ಸುತ್ತಿದರು. ಎಲ್ಲೂ ಒಂದನ್ನೊಂದು ಮುಟ್ಟದಂತೆ ನೋಡಿಕೊಂಡರು. ಎಲ್ಲ ಮುಗಿದ ಮೇಲೆ ಎರಡನ್ನೂ ಚಾಲೂ ಮಾಡಿದರು.

ಹಳೆಯದು ಮೂರೂವರೆ ಮೀಟರ್ ಎಂದಿತು. ಹೊಸದು ಮೂರೇ ಎಂದಿತು.

ಅತ್ತಿಗೆ ಎರಡೂ ಕೈ ಸೊಂಟದ ಮೇಲಿಟ್ಟಳು. "ಆಗ ಗಂಡ ಹೆಂಡತಿ ಥರ ಇದ್ವು, ಈಗ ದಾಯಾದಿಗಳ ಥರ ಆಡ್ತಿವೆ. ನಡುನೀರಲ್ಲಿ ನಾನೇನು ಪಂಚಾಯ್ತಿ ಸೇರಿಸ್ಲಾ?"

ಕೆಡುಕೇನೂ ಇರಲಿಲ್ಲ. ಹಳೆಯದು ನೀರಿನ ಮೇಲ್ಮೈಯಿಂದ ಎಣಿಸುತ್ತಿತ್ತು, ಹೊಸದು ತನ್ನ ಸೆನ್ಸರಿನಿಂದ ಕೆಳಕ್ಕೆ ಎಣಿಸುತ್ತಿತ್ತು. ಸೆನ್ಸರ್ ಇದ್ದದ್ದು ಮೇಲ್ಮೈಯಿಂದ ಅರ್ಧ ಮೀಟರ್ ಕೆಳಗೆ. ಜೋಡಿರಾಯರು ವಿವರಿಸಲು ಹೊರಟರೆ ಅತ್ತಿಗೆ ತಡೆದಳು. "ಅದೆಲ್ಲ ನನಗೆ ಬೇಡ. ಬೋಟಿನ ಹೊಟ್ಟೆ ಕೆಳಗೆ ಎಷ್ಟು ನೀರಿದೆ, ಅದನ್ನ ಮಾತ್ರ ಹೇಳಲಿ. ಎರಡೂ."

ಇಳಿತದ ಹೊತ್ತು ನೋಡಿ, ಧಕ್ಕೆಗೆ ಕಟ್ಟಿದ ಬೋಟಿನ ನಾಲ್ಕೂ ಕಡೆ ಗುಂಡಿನ ಹಗ್ಗ ಇಳಿಸಿ, ಟೇಪು ಹಿಡಿದು ಅಳೆದು, ಅದರಿಂದ ಬೋಟು ನೀರಲ್ಲಿ ಮುಳುಗಿರುವಷ್ಟನ್ನು ಕಳೆದು, ಎರಡು ಯಂತ್ರಗಳಿಗೂ ಆ ಲೆಕ್ಕ ಕಲಿಸಿದರು. ಹಳೆಯದು ಒಂದು ಪಾಯಿಂಟ್ ಒಂಬತ್ತು ಎಂದಿತು. ಹೊಸದು ಒಂದು ಪಾಯಿಂಟ್ ಎಂಟು ಎಂದಿತು. ಅಷ್ಟು ಜಗಳ ಇರಲಿ, ಇಬ್ಬರೂ ಬೇರೆಬೇರೆಯಾಗಿ ನೋಡಿ ಹೇಳುತ್ತಿದ್ದಾರೆ ಎಂದು ಖಾತ್ರಿಯಾಗುತ್ತದೆ ಎಂದರು ಜೋಡಿರಾಯರು. ಅತ್ತಿಗೆ ಒಪ್ಪಿದಳು, ಕಡಿಮೆ ಹೇಳುವವನನ್ನೇ ನಂಬುತ್ತೇನೆ ಎಂದಳು.

ಸಾಹೇಬರು ಮತ್ತೆ ಬಂದಾಗ ಈ ಸಲ ದಡದಲ್ಲಿ ನೋಡಿ ಮೊಹರು ಒತ್ತಲಿಲ್ಲ. ನಡುನೀರಿಗೆ ಹೋದರು. "ಫ್ಯೂಸ್ ಕೀಳಿ" ಎಂದರು. ಜೋಡಿರಾಯರು ಬಗ್ಗಿದರು. "ನೀನಲ್ಲ, ನಾನು" ಎಂದು ಅತ್ತಿಗೆ ಚುಕ್ಕಾಣಿಯನ್ನು ಮೈದುನನ ಕೈಗೆ ಕೊಟ್ಟು, ಬೆಂಚಿನ ಕೆಳಗೆ ಕೈಹಾಕಿ, ಹಲ್ಲು ಕೀಳುವ ಡಾಕ್ಟರಷ್ಟು ಹುರುಪಿನಿಂದ ನೀಲಿ ಪಟ್ಟಿಯ ಫ್ಯೂಸ್ ಕಿತ್ತಳು. ಹಳೆಯದು ಆರಿತು. ಹೊಸದು ಎರಡು ಪಾಯಿಂಟ್ ಆರು ಎಂದು ತಣ್ಣಗೆ ತೋರಿಸುತ್ತಲೇ ಇತ್ತು. ನೀಲಿಯದನ್ನು ಹಾಕಿ ಹಳದಿಯದನ್ನು ಕಿತ್ತಳು. ಹಳೆಯದು ಹತ್ತಿಕೊಂಡೇ ಇತ್ತು, ಹೊಸದು ಆರಿತು. ಜೋಡಿರಾಯರ ಕಣ್ಣು ಅಷ್ಟೂ ಹೊತ್ತು ಡಿಸ್ಪ್ಲೇಗಳ ಮೇಲೇ ಇತ್ತು. ಬೋಟು ವಾರೆಯಾಗಿ ಹೋಗುತ್ತಿರುವುದನ್ನು ಸಾಹೇಬರೇ ನೆನಪಿಸಬೇಕಾಯಿತು.

ಆ ಪರೀಕ್ಷೆ ಸಾಹೇಬರಿಗೆ ಹಿಡಿಸಿತು. ನಮೂನೆಯಲ್ಲಿ ಒಂದು ಹೊಸ ಸಾಲು ಸೇರಿತು: ಒಂದರ ಫ್ಯೂಸ್ ಕಿತ್ತು ಇನ್ನೊಂದನ್ನು ನೋಡತಕ್ಕದ್ದು. ಈಗ ಆ ಧಕ್ಕೆಯಲ್ಲಿ ಯಾವ ಬೋಟಿನ ಕೆಲಸ ಮುಗಿದರೂ ಜೋಡಿರಾಯರು ಫ್ಯೂಸನ್ನು ತಾವು ಕೀಳುವುದಿಲ್ಲ, ಬೋಟು ಓಡಿಸುವವರ ಕೈಯಲ್ಲೇ ಕೀಳಿಸುತ್ತಾರೆ. ಜನ ತಮಾಷೆ ಬಿಟ್ಟಿದ್ದಾರೆಯೇ ಎಂದರೆ, ಇಲ್ಲ. ಆದರೆ ತಮಾಷೆ ಮಾಡುವವರೂ ತಮ್ಮ ಬೋಟಿಗೆ ಅವರನ್ನೇ ಕರೆಯುತ್ತಾರೆ.

ಫೆರಿ ಮತ್ತೆ ಶುರುವಾದ ಮೊದಲ ಭಾನುವಾರ ಹೆಂಡತಿ ಹಟ ಹಿಡಿದು ಅವರನ್ನು ಹೊರಡಿಸಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಇಬ್ಬರೂ ಒಟ್ಟಿಗೆ ಕೂತು ಆ ನೀರು ದಾಟಿದ್ದೇ ಇಲ್ಲ; ದಾಟಿದಾಗಲೆಲ್ಲ ಇವರು ಕ್ಯಾಬಿನ್ನಿನಲ್ಲಿ, ಅವಳು ಹೊರಗೆ. ಕ್ಯಾಬಿನ್ನಿನ ಕಡೆ ಹೊರಟವರ ತೋಳು ಹಿಡಿದು ಹಿಂದಿನ ಬೆಂಚಿನಲ್ಲಿ ಕೂರಿಸಿದಳು. ಬಿಸಿಲು ಹಿತವಾಗಿತ್ತು. ಬೋಟಿನ ಹಿಂದೆ ನೊರೆಯ ದಾರಿ ಬಿಚ್ಚಿಕೊಳ್ಳುತ್ತಿತ್ತು. ಜೋಡಿರಾಯರು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಕಟಕಟೆಯ ಮೇಲೆ ಬಗ್ಗಿ ಕೇಳಿದರು.

"ಇಲ್ಲಿ ಎಷ್ಟು ಆಳ ಇರಬಹುದು?"

"ಒಬ್ಬರು ಮುಳುಗೋಕೆ ಸಾಕಷ್ಟಿದೆ" ಎಂದಳು ಹೆಂಡತಿ. "ಸುಮ್ನೆ ಕೂತ್ಕೊಳ್ಳಿ."